ಗೋಡೆ ಮೀರಿದ ರಾಗಿ

ಬಹಳ ಹಿಂದೆ, ರಾಗಿಯ ಬೆಲೆಯನ್ನು ಸಂತೆಯಲ್ಲಿ ಕೇಳುವ ಬದಲು ಗೋಡೆಯ ಮೇಲೆ ನೋಡಿ ತಿಳಿಯುತ್ತಿದ್ದ ಕಾಲದಲ್ಲಿ, ಊರ್ಧ್ವಪುರಿ ಎಂಬ ರಾಜ್ಯವಿತ್ತು. ಈಗಿನ ಯಾವ ಭೂಪಟದಲ್ಲೂ ಅದು ಇಲ್ಲ. ಆದ್ದರಿಂದ ಓದುಗರು ನಿಶ್ಚಿಂತೆಯಿಂದ ನಗಬಹುದು. ಯಾರ ಭಾವನೆಗೂ ಧಕ್ಕೆಯಾಗುವುದಿಲ್ಲ. ಧಕ್ಕೆಯಾಗಬೇಕಾದವರು ಪತ್ರಿಕೆ ಓದುವುದೂ ಇಲ್ಲ.

ಅದರ ಅಧಿಪತಿ ಶ್ರೀಮನ್ಮಹಾರಾಜ ಉತ್ತುಂಗಸೇನರು. ಅವರ ಆಸ್ಥಾನದಲ್ಲಿ 'ಹೌದು' ಎನ್ನುವ ಖಾತೆಯನ್ನು ಮಹಾಮಂತ್ರಿ ತಥಾಸ್ತುರಾಯರು ನೋಡಿಕೊಳ್ಳುತ್ತಿದ್ದರು. 'ಇಲ್ಲ' ಎನ್ನುವ ಖಾತೆ ಬಹಳ ವರ್ಷಗಳಿಂದ ಖಾಲಿ ಬಿದ್ದಿತ್ತು.

ಸಂತೆಮಾಳದ ಎದುರು ಅರಮನೆಯ ಒಂದು ಉದ್ದನೆಯ ಸುಣ್ಣದ ಗೋಡೆ. ದಿನವೂ ಸಂತೆ ಮುಗಿದ ಮೇಲೆ ಬಣ್ಣದವನೊಬ್ಬ ಅದರ ಮೇಲೆ ಒಂದು ಮೇಣದ ಬತ್ತಿಯ ಚಿತ್ರ ಬರೆಯುತ್ತಿದ್ದ. ಬೆಳಗಿನ ಬೆಲೆಯಿಂದ ಸಂಜೆಯ ಬೆಲೆಯವರೆಗೆ ಬತ್ತಿಯ ಮೈ. ಆ ದಿನ ಬೆಲೆ ಮುಟ್ಟಿದ ತೀರಾ ಮೇಲಿನ, ತೀರಾ ಕೆಳಗಿನ ತುದಿಗಳಿಗೆ ತೆಳ್ಳಗೆ ಎಳೆದ ಗೆರೆ. ಬೆಲೆ ಏರಿದರೆ ಹಸಿರು, ಇಳಿದರೆ ಕೆಂಪು. ಉಣ್ಣುವವರ ಕಡೆಯಿಂದ ನೋಡಿದರೆ ಈ ಬಣ್ಣಗಳು ತಿರುಗಾಮುರುಗಾ. ಆದರೆ ಗೋಡೆ ಬರೆಸಿದವರು ಉಣ್ಣುವವರಲ್ಲ, ಮಾರುವವರು.

ಇನ್ನೊಂದು ಪದ್ಧತಿಯಿತ್ತು. ಸುಗ್ಗಿಯಲ್ಲಿ ಪ್ರಜೆಗಳು ಕಂದಾಯವೆಂದು ಅಳೆದ ರಾಗಿ ಅರಮನೆಯ ಕಣಜ ಸೇರುತ್ತಿತ್ತು. ಆಷಾಢದಲ್ಲಿ ಮನೆಮನೆಯ ಗುಡಾಣ ತಳ ಕಂಡಾಗ ಕಣಜದ ಬಾಗಿಲು ತೆಗೆದು, ಅದೇ ರಾಗಿಯನ್ನು ಅದೇ ಪ್ರಜೆಗಳಿಗೆ ನೂರು ಸೇರಿನ ಪಲ್ಲಕ್ಕೆ ಆರು ವರಹದಂತೆ ಮಾರುತ್ತಿದ್ದರು. ಇದನ್ನು ರಾಜರ ಔದಾರ್ಯ ಎಂದು ಶಾಸನದಲ್ಲಿ ಕೆತ್ತಿಸಲಾಗಿತ್ತು.

ಆ ವರ್ಷ ಆಷಾಢ ಹುಟ್ಟಿದ ನಾಲ್ಕನೆಯ ದಿನ, ಸಂತೆಮಾಳದಲ್ಲಿ ಮುದ್ದೆಯ ಹೋಟೆಲು ಇಟ್ಟಿದ್ದ ಚೆಲುವಾಜಮ್ಮ ಆಸ್ಥಾನಕ್ಕೆ ಬಂದಳು.

"ಕಣಜದ ಬಾಗ್ಲು ತೆಗುಸ್ಬೇಕು ಬುದ್ಧಿ," ಎಂದಳು. "ಹಿಟ್ಟಿನ ಮಡಕೆ ಬರಿದಾಗೈತೆ. ದಿನಾ ನಲವತ್ತು ಜನ ಕೂಲಿಯೋರು ನನ್ನ ಒಲೆ ಮುಂದೆ ಕುಂತ್ಕತಾರೆ. ಅವ್ರಿಗೆ ನಾನೇನು ಇಕ್ಲಿ?"

ಮಹಾರಾಜರು ಬೀಗದ ಕೈಗೆ ಕೈ ಹಾಕಿದ್ದರು. ಅಷ್ಟರಲ್ಲಿ ಗುತ್ತಿಗೆ ಆಧಾರದ ಮೇಲೆ ಹೊಸದಾಗಿ ನೇಮಕಗೊಂಡಿದ್ದ ಸಲಹೆಗಾರ ರೇಖಾಚಾರ್ಯರು ಕೆಮ್ಮಿದರು. ಅವರ ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ಕಪ್ಪು ದಾರದ ಉಂಡೆ.

"ಮಹಾಪ್ರಭುಗಳು ಗೋಡೆ ನೋಡದೆ ಬಾಗಿಲು ತೆಗೆಯಬಾರದು. ಬೆಲೆ ಪ್ರತಿಸಲ ಇಳಿದು ನಿಂತ ಜಾಗಗಳಿಗೆ ದಾರ ಹಿಡಿದು ನೋಡಿದ್ದೇನೆ. ಪ್ರತಿ ತಳವೂ ಹಿಂದಿನ ತಳಕ್ಕಿಂತ ಮೇಲಿದೆ. ಶಾಸ್ತ್ರದಲ್ಲಿ ಇದು ಏರುಗತಿ. ಶಿಖರಕ್ಕೆ ಕಾದು ಮಾರಿದರೆ ಆರು ವರಹದ ರಾಗಿ ಹದಿನೆಂಟಕ್ಕೆ ಹೋಗುತ್ತದೆ. ಇಪ್ಪತ್ತು ದಿನದ ಸರಾಸರಿ ಬೆಲೆಯೂ ಇದನ್ನೇ ಹೇಳುತ್ತಿದೆ."

"ಸರಾಸರಿ ಲೆಕ್ಕದಲ್ಲಿ ಯಾರೂ ಉಣ್ಣಕಿಲ್ಲ ಬುದ್ಧಿ," ಎಂದಳು ಚೆಲುವಾಜಮ್ಮ. "ನೆನ್ನೆ ಉಂಡವ್ನಿಗೂ ಇವತ್ತು ಹೊಟ್ಟೆ ಹಸೀತದೆ."

"ತಾಯಿ, ನಿಮಗೆ ತಾಂತ್ರಿಕ ಹಿನ್ನೆಲೆ ಇಲ್ಲ," ಎಂದು ತಥಾಸ್ತುರಾಯರು ಮೃದುವಾಗಿ ಹೇಳಿ, ಅವಳನ್ನು ಹೊರಗೆ ಕಳಿಸಲು ಭಟನಿಗೆ ಕಣ್ಸನ್ನೆ ಮಾಡಿದರು. ಬೀಗದ ಕೈ ಮಹಾರಾಜರ ಸೊಂಟಕ್ಕೆ ಮರಳಿತು.

ಕಣಜ ತೆರೆಯುವುದಿಲ್ಲವೆಂಬ ಸುದ್ದಿ ಹಬ್ಬಿದ್ದೇ ತಡ, ಬೆಲೆ ಎಂಟಕ್ಕೆ ಹಾರಿತು, ಹತ್ತಾಯಿತು, ಹನ್ನೆರಡಾಯಿತು. ಕಣಜಕ್ಕೆ ಬೀಗ ಬಿದ್ದರೆ ಬೆಲೆ ಏರುತ್ತದೆ ಎನ್ನಲು ಶಾಸ್ತ್ರವೇ ಬೇಕೆ ಎಂದು ನೀವು ಕೇಳಬಹುದು. ಬೇಡ. ಆದರೆ ಬಿರುದು ಕೊಡಲು ಬೇಕು. ನುಡಿದದ್ದು ನಡೆಯಿತೆಂದು ರೇಖಾಚಾರ್ಯರಿಗೆ 'ಗೋಡೆಗಣ್ಣ' ಎಂಬ ಬಿರುದನ್ನೂ ಒಂದು ಜೋಡಿ ಶಾಲನ್ನೂ ಕೊಟ್ಟರು. ಅತ್ತ ಚೆಲುವಾಜಮ್ಮನ ಹೋಟೆಲಿನಲ್ಲಿ ತೆಂಗಿನಕಾಯಿ ಗಾತ್ರದ ಮುದ್ದೆ ಮೂಸಂಬಿಯಾಯಿತು, ಆಮೇಲೆ ನಿಂಬೆಯಾಯಿತು.

ಒಂದು ಸಂಜೆ ಬಣ್ಣದವನು ಏಣಿಯಿಂದ ಇಳಿದು ಬಂದು ಕೈಮುಗಿದ.

"ಸ್ವಾಮಿ, ಬೆಲೆ ಇನ್ನೂ ಮೇಲಕ್ಕೆ ಹೋಗ್ತಾ ಐತೆ. ಗೋಡೆ ಮುಗಿದೋಯ್ತು. ಮೂರು ದಿವ್ಸದಿಂದ ತುದೀಲೇ ಒತ್ತೊತ್ತಾಗಿ ಬರೀತಿವ್ನಿ."

ರೇಖಾಚಾರ್ಯರು ಇದಕ್ಕೆ ಒಂದು ದಿನ ಮೊದಲಷ್ಟೇ, ಒಂದೇ ಎತ್ತರದಲ್ಲಿ ನಿಂತ ಆ ಬತ್ತಿಗಳನ್ನು ನೋಡಿ, ಬೆಲೆ ಮೇಲಿನ ತಡೆಗೆರೆ ಮುಟ್ಟಿ ದಣಿವಾರಿಸಿಕೊಳ್ಳುತ್ತಿದೆ ಎಂದು ಹದಿನಾಲ್ಕು ಪುಟದ ವರದಿ ಕೊಟ್ಟಿದ್ದರು. ಅದನ್ನು ಯಾರೂ ಓದಿರಲಿಲ್ಲವಾದ್ದರಿಂದ ಮುಜುಗರವಾಗಲಿಲ್ಲ. ಆದರೆ ತಮ್ಮ ಬೆಲೆ ಗೋಡೆಯ ತುದಿಗೆ ತಗುಲಿ ತಲೆ ತಗ್ಗಿಸಿ ನಿಂತಿರುವುದನ್ನು ಮಹಾರಾಜರಿಗೆ ಸಹಿಸಲಾಗಲಿಲ್ಲ. ಗೋಡೆಯನ್ನು ಕೂಡಲೇ ಎತ್ತರಿಸತಕ್ಕದ್ದೆಂದು ಅಪ್ಪಣೆಯಾಯಿತು.

"ಕಲ್ಲು ಎಲ್ಲಿಂದ ತರೋಣ?" ಎಂದರು ಮಹಾರಾಜರು.

"ಸಮೀಪದಲ್ಲೇ ಚೆನ್ನಾಗಿ ಕೆತ್ತಿದ ಕಲ್ಲಿದೆ ಪ್ರಭು," ಎಂದರು ತಥಾಸ್ತುರಾಯರು. "ಕಣಜದ ಪಡುವಣ ಗೋಡೆ. ಬಾಗಿಲಿರುವುದು ಮೂಡಲಿಗೆ, ಬೀಗವೂ ಅಲ್ಲೇ. ಆದ್ದರಿಂದ ಭದ್ರತೆಗೆ ಭಂಗವಿಲ್ಲ."

ಹೀಗೆ ಕಣಜದ ಒಂದು ಮಗ್ಗುಲು ಬಿಚ್ಚಿ ಬೆಲೆಯ ಗೋಡೆ ಹದಿನೆಂಟು ಮೊಳ ಎದ್ದಿತು. ಆಷಾಢದ ಮಳೆ ಪಡುವಣದಿಂದಲೇ ಬರುವುದೆಂಬುದು ಕಲಾಪದಲ್ಲಿ ದಾಖಲಾಗಿರಲಿಲ್ಲ. ಒಳಗಿದ್ದ ರಾಗಿ ನೆನೆಯಿತು, ಮುಗ್ಗಿತು, ಮೇಲಿನ ಪದರ ಮೊಳಕೆಯೊಡೆದು ಹಸಿರಾಯಿತು. ಹಸಿರು ಶುಭಸೂಚನೆಯೆಂದು ಆಸ್ಥಾನ ಚಪ್ಪಾಳೆ ತಟ್ಟಿತು.

ಬೆಲೆ ಹದಿನೆಂಟು ಮುಟ್ಟಿದ ಕೆಲವು ದಿನಗಳ ಮೇಲೆ ಮಹಾರಾಜರು ಸಪರಿವಾರರಾಗಿ ಗೋಡೆ ನೋಡಲು ಬಂದರು. ಬತ್ತಿಗಳ ಸಾಲು ಒಂದು ದಿಬ್ಬ ಏರಿ ಇಳಿದು, ನಡುವೆ ಎತ್ತರದ ಗುಡ್ಡವಾಗಿ, ಮತ್ತೆ ಇಳಿದು ಇನ್ನೊಂದು ದಿಬ್ಬವಾಗಿತ್ತು. ರೇಖಾಚಾರ್ಯರ ಮುಖ ಬಿಳಿಚಿತು. ಅವರಿಗೆ ನಿಜವಾಗಿ ಗೊತ್ತಿದ್ದ ಪಾಠ ಅದೊಂದೇ.

"ಪ್ರಭು, ಇದು ತಲೆ ಮತ್ತು ಹೆಗಲುಗಳ ಆಕೃತಿ. ಇದು ಕಂಡರೆ..."

"ಆಹಾ," ಎಂದು ತಥಾಸ್ತುರಾಯರು ಮುಂದೆ ಬಂದರು. "ಯಾರ ತಲೆ ಎಂದು ಬೇರೆ ಹೇಳಬೇಕೆ? ಸಾಕ್ಷಾತ್ ಮಹಾಪ್ರಭುಗಳದೇ. ಆ ಹೆಗಲ ಗಾಂಭೀರ್ಯ ನೋಡಿ."

ಮಹಾರಾಜರು ಹೆಗಲನ್ನು ತುಸು ಅಗಲಿಸಿದರು. "ಇದು ಕಂಡರೆ ಏನಾಗುತ್ತದೆ ಆಚಾರ್ಯರೆ?"

ಬೆಲೆ ಬಿದ್ದುಹೋಗುತ್ತದೆ ಎಂಬುದು ಉತ್ತರ. ಆದರೆ ಗುತ್ತಿಗೆ ನವೀಕರಣಕ್ಕೆ ಎರಡೇ ವಾರ ಉಳಿದಿತ್ತು. "ಇನ್ನೂ ಏರುತ್ತದೆ," ಎಂದರು ಆಚಾರ್ಯರು. ಕಣಜ ಮುಚ್ಚಿಯೇ ಇರಲೆಂದು ತೀರ್ಮಾನವಾಯಿತು.

ಗೋಡೆಯ ಕೆಳಗೆ ದಿನದ ವಹಿವಾಟು ತೋರಿಸುವ ಪುಟ್ಟ ಕಂಬಗಳನ್ನೂ ಬರೆದಿದ್ದರು. ಅವು ಕುಗ್ಗಿ ಕುಗ್ಗಿ ಇರುವೆಸಾಲಿನಂತಾಗಿದ್ದವು.

"ಬೆಲೆ ಇಷ್ಟು ಏರಿದೆ, ವಹಿವಾಟು ಇಳಿಯುತ್ತಿದೆ. ಇದು ಏನನ್ನು ಸೂಚಿಸುತ್ತದೆ?" ಎಂದು ಮಹಾರಾಜರು ಸಭೆಯನ್ನೇ ಕೇಳಿದರು.

"ರಾಗಿ ಇಲ್ಲ ಅಂತ ಸೂಚಿಸ್ತದೆ ಬುದ್ಧಿ," ಎಂದು ಗುಂಪಿನ ಹಿಂದಿನಿಂದ ಚೆಲುವಾಜಮ್ಮ ಹೇಳಿದಳು. ಅದನ್ನು ಕಡತದಿಂದ ತೆಗೆದುಹಾಕಲಾಯಿತು.

ಈಗ ಒಂದು ಎಡವಟ್ಟಾಯಿತು. ಎತ್ತರಿಸಿದ ಗೋಡೆ ಗಡಿಯಾಚೆಗೂ ಕಾಣುತ್ತಿತ್ತು. ನೆರೆರಾಜ್ಯದ ವರ್ತಕರು ತಮ್ಮ ಊರಿನಲ್ಲೇ ನಿಂತು ಊರ್ಧ್ವಪುರಿಯ ಬೆಲೆ ಓದಿಕೊಂಡರು, ಗಾಡಿ ಕಟ್ಟಿದರು. ಮೂರೇ ದಿನದಲ್ಲಿ ಸಂತೆಮಾಳಕ್ಕೆ ಇನ್ನೂರು ಗಾಡಿ ಒಣಗಿದ ರಾಗಿ ಬಂದಿಳಿದು ಬೆಲೆ ಐದು ವರಹಕ್ಕೆ ಬಿತ್ತು. ಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಕೆಂಪು ಬತ್ತಿ. ಆ ದಿನ ಚೆಲುವಾಜಮ್ಮನ ಹೋಟೆಲಿನಲ್ಲಿ ಮುದ್ದೆ ಮತ್ತೆ ತೆಂಗಿನಕಾಯಿಯಾಯಿತು. ನಲವತ್ತು ಜನ ಹೊಟ್ಟೆ ತುಂಬ ಉಂಡು ಅಲ್ಲೇ ಗೋಡೆಯ ನೆರಳಲ್ಲಿ ಮಲಗಿದರು. ಈ ಕಥೆಯಲ್ಲಿ ನನಗೆ ಇಷ್ಟವಾದ ದಿನ ಅದೊಂದೇ.

ಅರಮನೆಯಲ್ಲಿ ಶೋಕಾಚರಣೆ. ಶಿಖರದ ಬೆಲೆಗೆ ಮಾರಬೇಕಾದ ರಾಗಿ ಕಣಜದಲ್ಲಿ ನಾರುತ್ತಿತ್ತು.

"ಶಾಸ್ತ್ರದಲ್ಲಿ ಪರಿಹಾರವಿದೆ," ಎಂದರು ರೇಖಾಚಾರ್ಯರು. "ಬೀಳುವ ಬೆಲೆಯನ್ನು ಕೆಳಗಿನಿಂದ ತಡೆದು ನಿಲ್ಲಿಸುವ ಒಂದು ಗೆರೆ ಇರುತ್ತದೆ. ಅದಕ್ಕೆ ಆಸರೆ ಎಂದು ಹೆಸರು. ಆ ಮಟ್ಟದಲ್ಲಿ ಕೊಳ್ಳುವವರು ಇರುವುದರಿಂದ ಬೆಲೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಾವು ಅದನ್ನು ಹದಿನೆಂಟಕ್ಕೆ ಎಳೆಯೋಣ."

"ಹದಿನೆಂಟಕ್ಕೆ ಕೊಳ್ಳುವವರು ಯಾರು?" ಎಂದರು ಮಹಾರಾಜರು.

"ಪ್ರಜೆಗಳು," ಎಂದರು ತಥಾಸ್ತುರಾಯರು. "ಅವರಿಗೆ ಇನ್ನೂ ತಿಳಿಸಿಲ್ಲ, ಅಷ್ಟೆ."

ಮರುದಿನ ಡಂಗುರ. ನೆರೆರಾಜ್ಯದ ಗಾಡಿಗಳನ್ನು ಹಿಂದಕ್ಕೆ ಅಟ್ಟತಕ್ಕದ್ದು. ಪ್ರತಿ ಮನೆ ಕಣಜದ ರಾಗಿಯನ್ನು ಪಲ್ಲಕ್ಕೆ ಹದಿನೆಂಟು ವರಹದಂತೆ ಒಂದು ಪಲ್ಲ, ಹೋಟೆಲುಗಳಾದರೆ ಐದು ಪಲ್ಲ, ಸ್ವಇಚ್ಛೆಯಿಂದ ಕೊಳ್ಳತಕ್ಕದ್ದು. ಸ್ವಇಚ್ಛೆ ತೋರದವರಿಗೆ ದಂಡ. ಗೋಡೆಯ ಮೇಲೆ ಹದಿನೆಂಟರ ಗುರುತಿಗೆ ನೂಲು ಹಿಡಿದಂತೆ ನೇರವಾದ ಗೆರೆ ಬಿತ್ತು. ಏರಿಳಿತವಿಲ್ಲದ ಇಂಥ ಸ್ಥಿರತೆಯನ್ನು ಜಗತ್ತು ಕಂಡಿರಲಿಲ್ಲವೆಂದು ಮಹಾರಾಜರು ಆ ಗೋಡೆಯ ಕೆಳಗೇ ರೇಖಾಚಾರ್ಯರ ತಲೆಗೆ ಚಿನ್ನದ ಕಿರೀಟವಿಟ್ಟರು. ದಿನವೂ ಬತ್ತಿ ಬರೆಯುವ ಕೆಲಸ ಇನ್ನು ಇಲ್ಲದ್ದರಿಂದ ಬಣ್ಣದವನನ್ನು ಕೆಲಸದಿಂದ ತೆಗೆದರು.

ಐದು ಪಲ್ಲ ಕೊಳ್ಳಲು ಚೆಲುವಾಜಮ್ಮ ಅಡುಗೆಯ ತಾಮ್ರದ ಹಂಡೆಯನ್ನೂ ಕೈಬಳೆಯನ್ನೂ ಮಾರಿದಳು. ಮಣ್ಣಿನ ಮಡಕೆಯಲ್ಲಿ ಮುದ್ದೆ ತೊಳಸಿ ಬಡಿಸಿದಳು. ಅದೇ ಬಣ್ಣದವನು ಮೊದಲ ಪಂಕ್ತಿಯಲ್ಲಿ ಕೂತಿದ್ದ. ತುತ್ತು ಬಾಯಿಗಿಟ್ಟವನ ಮುಖ ಹುಳ್ಳಗಾಯಿತು.

"ಇದೇನವ್ವಾ, ಮುಗ್ಗಲು ವಾಸ್ನೆ ಹೊಡೀತದೆ?"

ಚೆಲುವಾಜಮ್ಮ ಅವನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಮಾರಾಜ್ರ ಗೆರೆಗೆ ನಾವು ಕೊಟ್ಟಿರೋ ಆಸರೆ ಕಣಪ್ಪ ಅದು," ಎಂದಳು. "ಅಗೀಬ್ಯಾಡ. ನುಂಗು."