ದೊಡ್ಡವ್ವ ಗೊಂಬೆಗೆ ಊರು ತೋರಿಸಿದ್ದು

ಬೈಲಹೊಂಗಲದಲ್ಲಿ ಮದುವೆ ಮುರಿದವರು ಬೇಕಾದಷ್ಟು ಜನ ಇದ್ದಾರು. ಆದರೆ ಗೊಂಬೆಯ ಮದುವೆಯನ್ನು, ಅದೂ ಹೋಳಿಗೆ ಬೆಂದು ಬುಟ್ಟಿ ತುಂಬಿದ ಮೇಲೆ ಮುರಿದ ಕೀರ್ತಿ ನಮ್ಮ ದೊಡ್ಡವ್ವನೊಬ್ಬಳದೇ! ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಒಂದೇ ಮನೆ, ಒಂದೇ ಒಲೆ. ಹೀಗಾಗಿ ನಾನು ಅವ್ವನಿಗೆ ಎಷ್ಟೋ ದೊಡ್ಡವ್ವನಿಗೂ ಅಷ್ಟೇ ಮಗಳು.

ತೊಂಬತ್ತರ ದಶಕದ ಮಾತು. ಹಳೆಯ ಇಳಕಲ್ ಸೀರೆಯ ತುಂಡಿನಿಂದ ಅವಳು ನನಗೊಂದು ಗೊಂಬೆ ಹೊಲಿದುಕೊಟ್ಟಳು. ಹೊಟ್ಟೆಯೊಳಗೆ ನಮ್ಮ ಹೊಲದ್ದೇ ಹತ್ತಿ, ಕಣ್ಣಿಗೆ ಗುಲಗಂಜಿ. ಒಂದು ಕಣ್ಣು ತುಸು ಮೇಲೆ ಕುಳಿತಿತ್ತು. ನಾನು ಮುಖ ಸೊಟ್ಟ ಮಾಡಿದೆ. "ಹುಬ್ಬು ಹಾರಿಸಿ ನೋಡಾಕತ್ತಾಳವಾ, ಶಾಣ್ಯಾಕಿ ಅದಾಳ" ಎಂದು ತನ್ನ ಹೊಲಿಗೆಯ ತಪ್ಪನ್ನು ಗೊಂಬೆಯ ಗುಣವಾಗಿಸಿಬಿಟ್ಟಳು.

ಇಲ್ಲಿಯವರೆಗೆ ಎಲ್ಲರ ದೊಡ್ಡವ್ವಂದಿರೂ ಹೀಗೆಯೇ. ಮುಂದಿನದು ಮಾತ್ರ ನಮ್ಮವಳದು. ಪೇಟೆಗೆ ಹೊರಟಳೆಂದರೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ಗೊಂಬೆ. ನಾನು ಹಿಂದೆ ನಡೆದುಕೊಂಡು! ನನ್ನನ್ನು ಎತ್ತಿಕೊಳ್ಳುವ ವಯಸ್ಸು ಮುಗಿದಿತ್ತು, ಒಪ್ಪಿದೆ. ಆದರೂ ಹೊಟ್ಟೆಕಿಚ್ಚು ಅನ್ನುವುದೊಂದು ಇರುವುದಿಲ್ಲವೇ?

ಒಮ್ಮೆ ಬಳೆಯಂಗಡಿಯಲ್ಲಿ ಗೊಂಬೆಯ ಅಳತೆಯ ಬಳೆ ಕೇಳಿದಳು.

"ಇಷ್ಟ ಸಣ್ಣ ಕೈಗೆ ಬಳಿ ಬರೂದಿಲ್ರಿ ಅಕ್ಕಾರ, ಉಂಗುರಾ ಹಾಕ್ರಿ" ಎಂದ ಅಂಗಡಿಯವ.

"ಉಂಗುರಾ ಕೈಗೆ ಹಾಕಿದ್ರ ಬೆರಳಿಗೆ ಏನ್ ಹಾಕೂದ್ರಿ?"

ಆತ ಕೈ ಮುಗಿದು ಮುಂದಿನ ಗಿರಾಕಿಯ ಕಡೆ ತಿರುಗಿದ.

ಫೋಟೋ ಸ್ಟುಡಿಯೋದಲ್ಲಿ ತಾಜಮಹಲಿನ ಪರದೆಯ ಮುಂದೆ ಗೊಂಬೆಯನ್ನು ಕೂರಿಸಿದಾಗ ಫೋಟೋದವನು ರೂಢಿಯ ಮೇಲೆ "ಸ್ವಲ್ಪ ನಗ್ರಿ" ಎಂದುಬಿಟ್ಟ. "ಅಕಿ ಹುಟ್ಟಿದಾಗಿಂದ ನಗಾಕತ್ತಾಳ, ನೀವು ಲಗೂನ ತಗೀರಿ" ಎಂದಳು ದೊಡ್ಡವ್ವ. ಸವದತ್ತಿ ಬಸ್ಸಿನಲ್ಲಂತೂ ಗದ್ದಲದೊಳಗೆ ಕಂಡಕ್ಟರ್ ತಲೆ ಎತ್ತದೆ ಕೂಸಿನ ವಯಸ್ಸು ಕೇಳಿದ. "ಹ್ವಾದ ದೀಪಾವಳಿಗೆ ಹುಟ್ಟ್ಯಾಳ್ರಿ" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೂಸಿನ ತಾಯಿ ಎಂದು ಯಾರೋ ಪುಣ್ಯಾತ್ಮರು ಎದ್ದು ಸೀಟು ಬಿಟ್ಟುಕೊಟ್ಟರು. ಗೊಂಬೆಯ ಒಡತಿಯಾದ ನಾನು ಸವದತ್ತಿಯವರೆಗೂ ನಿಂತೇ ಇದ್ದೆ.

ಇದೆಲ್ಲ ಯಾಕೆ ಎಂದು ಕೇಳಿದರೆ ಅವಳದು ಒಂದೇ ಮಾತು. "ಮದುವ್ಯಾಗೂದಕ್ಕಿಂತ ಮೊದಲ ಹೆಣ್ಣು ಊರು ನೋಡಿರಬೇಕು. ಆಮ್ಯಾಲ ಯಾರು ತೋರಸ್ತಾರ?"

ಮದುವೆಯೂ ಬಂತು. ಎದುರು ಮನೆಯ ಗೆಳತಿಗೆ ಅವರಪ್ಪ ಬೆಳಗಾವಿಯಿಂದ ಪ್ಲಾಸ್ಟಿಕ್ಕಿನ ಗಂಡುಗೊಂಬೆ ತಂದಿದ್ದರು. ಕೋಟು, ಟೋಪಿ, ಮಲಗಿಸಿದರೆ ಕಣ್ಣು ಮುಚ್ಚುವ ಜಾತಿ! ಶಾಲೆಯ ಸೂಟಿಯಲ್ಲಿ ಮದುವೆ ಎಂದು ನಿಶ್ಚಯವಾಯಿತು. ನಮ್ಮ ಓಣಿಯ ಕಟ್ಟಳೆಯಲ್ಲಿ ಆಟವೆಂಬ ರಿಯಾಯಿತಿ ಇರಲಿಲ್ಲ. ಮದುವೆಯಾದ ಹೆಣ್ಣುಗೊಂಬೆ ಗಂಡಿನ ಮನೆಗೆ ಹೋಗಿಬಿಡಬೇಕು, ನಾಗರ ಪಂಚಮಿಗಷ್ಟೇ ತವರಿಗೆ ಬರಬೇಕು. ಕೋಟಿಗೆ ಮರುಳಾಗಿ ಹೂಂ ಎಂದಿದ್ದ ನನಗೆ ಆ ದಿನ ಬೆಳಗಿನಿಂದಲೂ ಗೊಂಬೆಯನ್ನು ಕೆಳಗಿಡಲು ಮನಸ್ಸಿರಲಿಲ್ಲ. ಕೊಟ್ಟ ಮಾತು, ಬಿಡುವ ಹಾಗಿಲ್ಲ.

ಜಮಖಾನೆಯ ಚಪ್ಪರ, ಓಣಿಯ ಮಕ್ಕಳೆಲ್ಲ ಬೀಗರು. ಅಕ್ಷತೆ ಕೈಗೆ ಬಂದಾಗ ದೊಡ್ಡವ್ವ ಗೆಳತಿಯ ತಾಯಿಯನ್ನು ಕೇಳಿದಳು: "ಬೀಗ್ತಿಯಾರ, ನಮ್ಮ ಹುಡುಗಿನ್ನ ಎಲ್ಲಿ ಇಡ್ತೀರಿ?"

"ಟಿವಿ ಮ್ಯಾಲಿನ ಶೋಕೇಸಿನ್ಯಾಗರಿ. ಗಾಜಿನ ಬಾಗಲಾ ಐತಿ, ಕೀಲಿ ಹಾಕ್ತೀವಿ. ಒಂದ ಚೂರ ಧೂಳ ಕುಂದರೂದಿಲ್ಲ."

"ಪೇಟಿಗೆ ಕರಕೊಂಡ ಹೋಗೂದಿಲ್ಲೇನ್ರಿ?"

"ಅಯ್ಯ, ಗೊಂಬಿನ್ನ ಯಾರರ ಪೇಟಿಗೆ ಒಯ್ತಾರೇನ್ರಿ?"

ದೊಡ್ಡವ್ವ ಕೈಯಲ್ಲಿದ್ದ ಅಕ್ಕಿಕಾಳನ್ನು ಮೆಲ್ಲಗೆ ತಟ್ಟೆಗೆ ಸುರಿದಳು. "ಹೋಳಿಗಿ ಉಂಡು ಹೋಗ್ರಿ. ಹುಡುಗಿನ್ನ ಕೊಡೂದಿಲ್ಲ."

ಬೀಗರು ಮುಖ ಊದಿಸಿಕೊಂಡರು, ಆದರೂ ಉಂಡರು. ಹೋಳಿಗೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವ ದಡ್ಡರು ನಮ್ಮ ಕಡೆ ಇಲ್ಲ. "ಅಕ್ಕಾರಿಗೆ ಗೊಂಬಿ ಹುಚ್ಚ ಹಿಡದೈತಿ" ಎಂಬ ಮಾತು ಮಾತ್ರ ಸಂಜೆಯೊಳಗೆ ಓಣಿ ದಾಟಿತು. ಅವಳು ಕೇಳಿಯೂ ಕೇಳದವಳ ಹಾಗೆ ಗೊಂಬೆಯನ್ನೂ ನನ್ನನ್ನೂ ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಗೆ ಕರೆದುಕೊಂಡು ಹೋದಳು. ಬಂದುಹೋಗುವ ಬಸ್ಸುಗಳ ಬೋರ್ಡುಗಳನ್ನು ಗೊಂಬೆಗೆ ಓದಿ ಹೇಳಿದಳು. ಕಿತ್ತೂರು, ಸವದತ್ತಿ, ರಾಮದುರ್ಗ.

ಗೊಂಬೆ ಉಳಿದ ಸಂತೋಷ ನನಗೆ ಹೇಳತೀರದು. ಆದರೂ ಕೇಳಿದೆ, "ಶೋಕೇಸು ಛಲೋ ಇರತಿತ್ತಲ್ಲ ದೊಡ್ಡವ್ವಾ? ಧೂಳ ಕುಂದರತಿರಲಿಲ್ಲ."

ಅವಳು ಕಬ್ಬಿನ ಹಾಲಿನ ಲೋಟವನ್ನು ಗಾಡಿಯ ಮೇಲಿಟ್ಟಳು.

"ಸಿರಸಂಗಿಯಿಂದ ಮದುವ್ಯಾಗಿ ಬಂದಾಗ ನನ್ನೂ ಹಂಗ ಇಟ್ಟಿದ್ರವಾ. ಛಲೋನ ಇಟ್ಟಿದ್ರು, ಸುಳ್ಳ ಯಾಕ ಹೇಳ್ಲಿ. ಪೇಟಿ ಗದ್ದಲ ಅಡಗಿ ಮನಿಗೆ ಕೇಳತಿತ್ತು. ಪೇಟಿ ನೋಡಿರಲಿಲ್ಲ. ಹೊಸ್ತಲಾ ದಾಟಿದ್ರ ಎಲ್ಲಿಗೆ, ಯಾಕ ಅಂತ ಕೇಳತಿದ್ರು."

"ಮತ್ತ ಯಾವಾಗ ನೋಡಿದಿ?"

"ನಿನಗ ಸೂಜಿ ಹಾಕಸೂ ದಿನಾ. ನಿಮ್ಮವ್ವಗ ಜ್ವರಾ ಬಂದಿತ್ತು. ನಿನ್ನ ಕಂಕುಳಾಗ ಎತಗೊಂಡು ದವಾಖಾನಿಗೆ ಹ್ವಾದೆ, ಬರೂ ಮುಂದ ಇಡೀ ಪೇಟಿ ತಿರುಗಿ ಬಂದೆ. ಯಾರೂ ಏನೂ ಕೇಳಲಿಲ್ಲ. ಕಂಕುಳಾಗ ಕೂಸಿದ್ರ ಯಾರೂ ಕೇಳೂದಿಲ್ಲ." ಜಾರುತ್ತಿದ್ದ ಗೊಂಬೆಯನ್ನು ಮೇಲೆ ಸರಿಸಿಕೊಂಡಳು. "ಈಗ ನೀ ದೊಡ್ಡಾಕಿ ಆದಿ. ಎತಗೊಳ್ಳಾಕ ಬರೂದಿಲ್ಲ."

ನನ್ನ ಹೊಟ್ಟೆಕಿಚ್ಚು ಅಲ್ಲಿಯೇ ಮುಗಿಯಿತು. ಅದರ ಜಾಗದಲ್ಲಿ ಬಂದು ಕುಳಿತ ಹೆಮ್ಮೆ ಇವತ್ತಿಗೂ ಎದ್ದು ಹೋಗಿಲ್ಲ. ನಡೆಯಲೂ ಬಾರದ ಕೂಸು ನಾನು, ನಮ್ಮ ದೊಡ್ಡವ್ವನಿಗೆ ಬೈಲಹೊಂಗಲ ತೋರಿಸಿದ್ದೆ!

ನನ್ನ ಲೋಟ ಕೆಳಗಿಟ್ಟು ಗೊಂಬೆಯನ್ನು ನಾನೇ ಎತ್ತಿಕೊಂಡೆ. ಇನ್ನೊಂದು ಕೈಯಿಂದ ಅವಳ ಕೈ ಹಿಡಿದು, ಮನೆಗೆ ಹತ್ತಿರದ ದಾರಿ ಬಿಟ್ಟು, ಇಡೀ ಪೇಟೆ ಸುತ್ತಿಸಿ ಕರೆದುಕೊಂಡು ಬಂದೆ.