ಪ್ರಯೋಗಾಲಯಕ್ಕೆ ಹೋಗ್ಬರ್ಲಾ ಸಾರ್?

ನನ್ನ ಸೋದರಮಾವ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಆ ಸುಳ್ಳಿಗೆ ಇಟ್ಟಿಗೆ, ಗಾರೆ, ಬಾಗಿಲು, ಚಿಲಕ ಎಲ್ಲವೂ ಇತ್ತು!

ಅರವತ್ತರ ದಶಕದ ಕೊನೆಯ ಮಾತು. ಮಾವ ಹಲಸೂರಿನ ಒಂದು ಅನುದಾನಿತ ಹೈಸ್ಕೂಲಿನ ಹೆಡ್‌ಮಾಸ್ಟರು. ಸರ್ಕಾರದ ಗ್ರಾಂಟು ಬಾಬ್ತುವಾರು ಬರುತ್ತಿತ್ತು. ಭೂಪಟದ ಬಾಬ್ತಿನ ಹಣದಲ್ಲಿ ಭೂಪಟವನ್ನೇ ಕೊಳ್ಳಬೇಕು. ಮಾರ್ಚ್ ಮುಗಿಯುವುದರೊಳಗೆ ಕೊಳ್ಳದಿದ್ದರೆ ವಾಪಸ್. ಹೀಗಾಗಿ ಆ ಸ್ಕೂಲಿನಲ್ಲಿ ಕೂರಲು ಬೆಂಚು ಸಾಲದಿದ್ದರೂ ಆಫ್ರಿಕಾ ಖಂಡಗಳು ಏಳು ಇದ್ದವು! ಗೋಡೆ ಬಿರುಕು ಬಿಟ್ಟ ಕಡೆಯೆಲ್ಲ ಮಾವ ಒಂದೊಂದು ಆಫ್ರಿಕಾ ನೇತುಹಾಕಿದ್ದರು.

ಈ ಕಾಯಿಲೆ ಮನೆಗೂ ಬಂತು. ಅತ್ತೆ ಒಮ್ಮೆ ಸೀರೆ ಕೇಳಿದರು.

"ಬಟ್ಟೆ ಬಾಬ್ತು ಯುಗಾದಿಗೇ ಮುಗೀತಲ್ಲೇ."

"ಹಾಗಾದ್ರೆ ಅಕ್ಕಿ ಬಾಬ್ತಲ್ಲೇ ಕೊಡಿಸ್ರೀ. ನಾಳೆಯಿಂದ ಸೀರೇನೇ ಬೇಯಿಸಿ ಬಡಿಸ್ತೀನಿ!"

ಆ ಸಂಜೆ ಮಾವ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿದ್ದರು.

ಇಂಥವರು ದಾರಿ ತಪ್ಪಿದ್ದು ಹೇಗೆ? ಸ್ಕೂಲಿನಲ್ಲಿ ಹುಡುಗಿಯರಿಗೆ ಕಕ್ಕಸು ಇರಲಿಲ್ಲ. ಪ್ರತಿ ವರ್ಷ ಎಂಟನೇ ಕ್ಲಾಸಿನಲ್ಲೇ ಅವರು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು. ಆ ವರ್ಷ ಕ್ಲಾಸಿಗೇ ಮೊದಲಿಗಳಾದ ನೂರುನ್ನೀಸಾಳ ಟಿ.ಸಿ. ಕೇಳಿಕೊಂಡು ಅವಳ ತಂದೆ, ಶಿವಾಜಿನಗರದ ದರ್ಜಿ, ಬಂದರು.

"ಬಡೀ ಬಚ್ಚಿ ಹೈ ಸಾಬ್, ದೊಡ್ಡವಳಾಗಿದಾಳೆ. ಬೆಳಿಗ್ಗೆಯಿಂದ ಸಂಜೆ ತನಕ ನೀರು ಕೂಡ ಕುಡಿಯಲ್ಲ. ಎಷ್ಟು ದಿನ ಹಿಂಗೆ?"

"ಸಂಕ್ರಾಂತಿ ತನಕ ತಡೀರಿ ಭಾಯ್," ಎಂದರು ಮಾವ.

ಕಕ್ಕಸಿಗೆ ಬಾಬ್ತು ಇರಲಿಲ್ಲ. ವಿಜ್ಞಾನ ಪ್ರಯೋಗಾಲಯಕ್ಕೆ ಇತ್ತು: ಕೊಠಡಿ, ನಲ್ಲಿ, ನೀರು ಹೋಗಲು ಚರಂಡಿ. ಮಾವ ರೂಲ್ಸ್ ಪುಸ್ತಕವನ್ನು ಮೂರು ಸಲ ಓದಿದರು. ಒಳಗೆ ಯಾವ ಪ್ರಯೋಗ ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ! ಡಿಸೆಂಬರ್ ರಜೆಯಲ್ಲಿ ಹಿತ್ತಲಿನಲ್ಲಿ ಕಟ್ಟಡ ಎದ್ದಿತು, ಮೇಲೊಂದು 'ವಿಜ್ಞಾನ ಪ್ರಯೋಗಾಲಯ' ಬೋರ್ಡು ಬಿತ್ತು. ಅಂದಿನಿಂದ ಯಾವ ಕ್ಲಾಸಿನಲ್ಲಿ ನೋಡಿದರೂ ಎರಡು ಬೆರಳು ಮೇಲೆ: "ಸಾರ್, ಪ್ರಯೋಗಾಲಯಕ್ಕೆ ಹೋಗ್ಬರ್ಲಾ?"

ಹೊಸದಾಗಿ ಬಂದ ಕನ್ನಡ ಪಂಡಿತರು ಬೆರಗಾದರು. "ಹೆಣ್ಣುಮಕ್ಕಳಿಗೆ ಸೈನ್ಸ್ ಮೇಲೆ ಇಷ್ಟು ಆಸಕ್ತಿ ನಾನೆಲ್ಲೂ ಕಂಡಿಲ್ಲ ಸಾರ್!"

ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರು ಬಂದರು. "ಬಾಗಿಲು ತೆಗೆಸಿ."

"ಒಳಗೆ ಪ್ರಯೋಗ ನಡೀತಿದೆ ಸಾರ್."

ಇನ್‌ಸ್ಪೆಕ್ಟರು ಬೋರ್ಡು ನೋಡಿದರು, ಸಾಲಿನಲ್ಲಿ ನಿಂತ ಹುಡುಗಿಯರನ್ನು ನೋಡಿದರು. "ಯಾವ ಪ್ರಯೋಗ ರೀ?"

"ಇವರು ಒಂಬತ್ತನೇ ಕ್ಲಾಸಿಗೆ ಹೋಗ್ತಾರೋ ಇಲ್ವೋ ಅಂತ ಸಾರ್."

ಅವರು ವರದಿಯಲ್ಲಿ ಬರೆದರು: 'ಪ್ರಯೋಗ ತೃಪ್ತಿಕರ. ಇನ್ನೊಂದು ಬಕೆಟ್ ಅಗತ್ಯ.'

ಆಡಿಟ್‌ನವರಿಗೆ ಮಾತ್ರ ನಗು ಬರಲಿಲ್ಲ. ಬೇರೆ ಬಾಬ್ತಿಗೆ ಖರ್ಚು ಎಂದು ಆಕ್ಷೇಪಿಸಿ, ಅಷ್ಟನ್ನೂ ಮಾವನ ಸಂಬಳದಿಂದ ತಿಂಗಳು ತಿಂಗಳು ಹಿಡಿಯಲು ಬರೆದರು. ಮಾವ ವಾದಿಸದೆ ಸಹಿ ಹಾಕಿದರು.

ಆಗಷ್ಟೇ ಪತ್ರಿಕೆ ಸೇರಿದ್ದ ನಾನು, ಇದನ್ನು ಸುದ್ದಿ ಮಾಡಲೇ ಎಂದು ಕೇಳಲು ಜೂನ್‌ನಲ್ಲಿ ಸ್ಕೂಲಿಗೆ ಹೋದೆ. ಒಂಬತ್ತನೇ ಕ್ಲಾಸಿನ ಹಾಜರಿಯನ್ನು ಮಾವ ತಾವೇ ಕೂಗುತ್ತಿದ್ದರು. ಹುಡುಗಿಯರಲ್ಲಿ ಒಬ್ಬಳೂ ಬಿಟ್ಟುಹೋಗಿರಲಿಲ್ಲ.

"ನೂರುನ್ನೀಸಾ."

"ಹಾಜರ್ ಸಾರ್."

ಅದೇ ಕೊನೆಯ ಹೆಸರು. ಮಾವ ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ ಏನನ್ನಿಸಿತೋ, ಪುಸ್ತಕ ತೆರೆದು ಹುಡುಗಿಯರ ಮೊದಲ ಹೆಸರಿನಿಂದ ಮತ್ತೊಮ್ಮೆ ಕೂಗತೊಡಗಿದರು. ಹುಡುಗಿಯರು ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತು, ಇನ್ನೊಮ್ಮೆ ಹಾಜರಾದರು.