ಹಳೇ ನೀರು ಕುಡಿದ ಮಲ್ಲಿಗೆ

ನಮ್ಮ ಸೋದರಮಾವನ ಕೈಯಲ್ಲಿ ಒಂದೇ ಒಂದು ಗಿಡವೂ ಬಾಯಾರಿ ಸತ್ತಿಲ್ಲ. ಸತ್ತಿವೆ, ಧಾರಾಳವಾಗಿ ಸತ್ತಿವೆ, ಬಾಯಾರಿ ಅಲ್ಲ.

ಎಂಬತ್ತರ ದಶಕದ ಗೋವಿಂದರಾಜನಗರದಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಹೊಸ ನೀರು ಬಂತೆಂದರೆ ಡ್ರಮ್ಮು, ಹಂಡೆ, ಬಿಂದಿಗೆಗಳಲ್ಲಿ ಉಳಿದದ್ದು ಆ ಕ್ಷಣದಿಂದ ‘ಹಳೇ ನೀರು’. ಕುಡಿಯುವಂತಿಲ್ಲ. ಉಳಿದವರು ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು, ಬಾಗಿಲು ತೊಳೆಯುತ್ತಿದ್ದರು. ಮಾವ ಮಾತ್ರ ಅಷ್ಟನ್ನೂ ಕುಂಡಗಳಿಗೆ ಕುಡಿಸುತ್ತಿದ್ದರು. ಎಂಟು ಕುಂಡ. ಹತ್ತೂ ಇರಬಹುದು; ನನ್ನ ನೆನಪಿಗೆ ಲೆಕ್ಕ ಬರುವುದಿಲ್ಲ, ಬರುತ್ತದೆಂದು ನಟಿಸುತ್ತದೆ ಅಷ್ಟೆ.

ದಾಸವಾಳದ ಎಲೆ ಹಳದಿಯಾದರೆ ಅದು ಬಾಯಾರಿಕೆ. ಎರಡು ಚೊಂಬು ಹೆಚ್ಚು. ಉದುರಿದರೆ ನಾಲ್ಕು. ಗಿಡ ಸತ್ತ ಮೇಲೂ ವಾರದವರೆಗೆ ನೀರು ಬೀಳುತ್ತಿತ್ತು. ಸತ್ತ ಮನುಷ್ಯರಿಗೂ ಯಾರೂ ಇಷ್ಟು ತರ್ಪಣ ಬಿಡುವುದಿಲ್ಲ. ಒಮ್ಮೆ ಜೋರು ಮಳೆಯಲ್ಲಿ ಕೊಡೆ ಹಿಡಿದು ನೀರು ಹಾಕುತ್ತಿದ್ದರು.

“ಮಾವ, ಮಳೆ ಬರ್ತಾ ಇದೆ.”

“ಅದು ಎಲೆಗೆ ಕಣೋ. ಇದು ಬೇರಿಗೆ.”

ಕೊನೆಗೆ ಉಳಿದದ್ದು, ಹಿಂದಿನ ವರ್ಷ ತೀರಿಕೊಂಡ ಅತ್ತೆ ನೆಟ್ಟಿದ್ದ ಮಲ್ಲಿಗೆ. ಅದೂ ಹಳದಿಗೆ ತಿರುಗಿದಾಗ ಮಾವನ ಮುಖ ಬಿಳಿಚಿಕೊಂಡಿತು. ನಾನೇ ಮಾಗಡಿ ರಸ್ತೆಯ ನರ್ಸರಿಯವನನ್ನು ಕರೆತಂದೆ. ಅವನು ಗಿಡ ಕಿತ್ತು, ಮೂಸಿ, ಕಪ್ಪಾದ ಬೇರು ತೋರಿಸಿದ.

“ಯಜಮಾನ್ರೇ, ಇದು ಮಲ್ಲಿಗೆ ಬೆಳೆಯೋದಲ್ಲ, ಭತ್ತ ಬೆಳೆಯೋದು. ಬೇರು ಕೊಳ್ತೋಗಿದೆ.”

“ನೀರು ಸಾಲ್ದೇನೋ ಅಲ್ವಾ?” ಎಂದರು ಮಾವ.

ಅವನು ಚಾಕು ತೆಗೆದ. ಕೊಳೆತದ್ದನ್ನು ಕತ್ತರಿಸಿ, ಒಣ ಮಣ್ಣಿನಲ್ಲಿ ನೆಟ್ಟು, “ಹತ್ತು ದಿನ ಒಂದು ಹನಿ ಮುಟ್ಟಿಸ್ಬೇಡಿ” ಎಂದು ಹೊರಟುಹೋದ.

ಗಿಡ ಬದುಕಿತು. ಈಗಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಇಟ್ಟುಕೊಂಡರೆ ನೆನಪು ಅದಕ್ಕೆ ಹೂ ಮುಡಿಸಿ ಕಳಿಸುತ್ತದೆ.

ಮೂರನೇ ದಿನ ಎಲೆಗಳು ಜೋತುಬಿದ್ದವು. ಮಾವ ತುಂಬಿದ ಚೊಂಬು ಹಿಡಿದು ಕುಂಡದ ಮುಂದೆ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ನಾನು ಬಿ.ಎಸ್ಸಿ. ಮೊದಲ ವರ್ಷದ ಜಂಬದಲ್ಲಿ ಬೇರಿನ ಉಸಿರಾಟದ ಮೇಲೆ ಭಾಷಣ ಶುರುಮಾಡಿದೆ.

“ಗೊತ್ತು ಕಣೋ,” ಎಂದರು. “ನಿಮ್ಮತ್ತೆಗೂ ಹಿಂಗೇ ಅಂದಿದ್ರು. ಆಪರೇಷನ್ ಮುಗಿಯೋವರ್ಗೂ ಹನಿ ನೀರು ಕೊಡ್ಬೇಡಿ ಅಂತ. ಒಂದ್ ಗುಟುಕು, ಒಂದೇ ಗುಟುಕು ಅಂತಿದ್ಲು. ಡಾಕ್ಟ್ರ ಮಾತು ಮೀರ್ಲಿಲ್ಲ ನಾನು. ಒಳಗೆ ಹೋದೋಳು ಎದ್ದು ಬರ್ಲಿಲ್ಲ.”

ತುಂಬಿದ ಚೊಂಬು ಇನ್ನೂ ಅವರ ಕೈಯಲ್ಲೇ ಇತ್ತು.

“ನೀವು ಕುಡೀರಿ ಮಾವ,” ಎಂದೆ.

ಕುಡಿದರು. ಕುಡಿಯುವಾಗ ಗಿಡಕ್ಕೆ ಬೆನ್ನು ಮಾಡಿ ನಿಂತರು.